ರಕ್ತ ಕೊಟ್ಟವರಿಗೆ ಲೆಕ್ಕ ಕೊಡಬೇಕಾದವರು ಯಾರು?

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಉಮ್ಮನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯವಾಯಿತು. ಹೊಸ ಚಪ್ಪಲಿ ಕಚ್ಚಿದ್ದು. ಎರಡು ತಿಂಗಳಾದರೂ ಒಣಗಲಿಲ್ಲ. ಮನೆಯಲ್ಲಿ ಶುಗರ್ ಇರುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳ್ಳೇರಿಯದಲ್ಲಿ ತೋರಿಸಿದೆವು, ಕಾಸರಗೋಡಿನಲ್ಲಿ ತೋರಿಸಿದೆವು, ಕೊನೆಗೆ ನಮ್ಮೂರಿನ ಎಲ್ಲರೂ ಮಾಡುವ ಹಾಗೆ ಮಂಗಳೂರಿಗೆ ಹೋದೆವು.

ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಚಿಕ್ಕ ಪ್ರಾಯದ ಡಾಕ್ಟರೊಬ್ಬರು ಗಾಯ ನೋಡಿ, ಡ್ರೆಸ್ಸಿಂಗ್ ಮಾಡಿಸಿ, ಆಮೇಲೆ ನನ್ನನ್ನು ಕರೆದರು. ಶುಗರ್ ಗಾಯಕ್ಕೆ ಹಚ್ಚುವ ಒಂದು ಹೊಸ ಲೇಪದ ಬಗ್ಗೆ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಹಣ ಕೇಂದ್ರ ಸರ್ಕಾರದ್ದು, ಉಮ್ಮ ಸೇರಬಹುದು, ಸೇರದಿದ್ದರೂ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ ಎಂದರು. ಎಂಟು ಪುಟದ ಒಪ್ಪಿಗೆ ಪತ್ರ ಕೈಗೆ ಕೊಟ್ಟರು. ಕನ್ನಡದಲ್ಲೇ ಇತ್ತು. ಆದರೆ ಎಂಥ ಕನ್ನಡ! ‘ಯಾದೃಚ್ಛಿಕ ಹಂಚಿಕೆ’, ‘ಪ್ರತಿಕೂಲ ಘಟನೆ’. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಕಲಿತ ನನಗೇ ಎರಡೆರಡು ಸಲ ಓದಬೇಕಾಯಿತು. ಉಮ್ಮ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ.

ಮೆಡಿಕಲ್ ಶಾಪಿನ ಎದುರಿನ ಬೆಂಚಿನಲ್ಲಿ ಕುಳಿತು ನಾನು ಆ ಎಂಟು ಪುಟಗಳನ್ನು ಬ್ಯಾರಿಗೆ ಇಳಿಸಿದೆ. ‘ಯಾದೃಚ್ಛಿಕ’ ಅಂದರೆ ಚೀಟಿ ಎತ್ತಿದ ಹಾಗೆ. ಚೀಟಿಯಲ್ಲಿ ಬಂದ ಪ್ರಕಾರ ಅರ್ಧ ಮಂದಿಗೆ ಹೊಸ ಔಷಧಿ ಇರುವ ಲೇಪ, ಅರ್ಧ ಮಂದಿಗೆ ಔಷಧಿ ಇಲ್ಲದ ಅದೇ ಬಣ್ಣದ ಲೇಪ. ಮಾಮೂಲಿ ಡ್ರೆಸ್ಸಿಂಗ್, ಮಾತ್ರೆ ಎಲ್ಲರಿಗೂ ಉಂಟು. ಯಾರಿಗೆ ಯಾವ ಲೇಪ ಎಂದು ರೋಗಿಗೂ ಗೊತ್ತಿಲ್ಲ, ಹಚ್ಚುವ ಡಾಕ್ಟರಿಗೂ ಗೊತ್ತಿಲ್ಲ. ಕೊನೆಗೆ ಎರಡೂ ಗುಂಪನ್ನು ಹೋಲಿಸಿ ನೋಡುತ್ತಾರೆ.

ಉಮ್ಮ ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು. “ಎಲ್ಲ ಮುಗಿದ ಮೇಲೆ ಏನು ಗೊತ್ತಾಯಿತು ಅಂತ ನಮಗೆ ಹೇಳುತ್ತಾರಾ ಮೋನೇ, ಅಲ್ಲ ಅವತ್ತಿನ ಹಾಗೆಯಾ?”

‘ಅವತ್ತು’ ಅಂದರೆ ಯಾವತ್ತು ಎಂದು ನಾನು ಕೇಳಲಿಲ್ಲ. ಕಾರಡ್ಕ, ಮುಳಿಯಾರು, ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆ ಕಡೆಯ ಯಾರೂ ಕೇಳುವುದಿಲ್ಲ.

ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಸುತ್ತಿನ ಗುಡ್ಡಗಳಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟಗಳಿವೆ. ಅದು ಕೇರಳ ಸರ್ಕಾರದ್ದೇ ಕಂಪೆನಿ. ಆ ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಕೆಳಗೆ ಮನೆ, ಬಾವಿ, ಸುರಂಗ, ಶಾಲೆ ಎಲ್ಲ ಇದ್ದವು. ನಾವು ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಡಿಯಿಂದ ಹೊರಗೆ ಓಡುತ್ತಿದ್ದೆವು. ಉಪ್ಪ ಮಾತ್ರ ಹೊರಗೆ ಇಟ್ಟ ಅಕ್ಕಿ ಚೀಲಕ್ಕೆ ತಾರ್ಪಾಲು ಮುಚ್ಚುತ್ತಿದ್ದರು.

ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವ ಕಾಯಿಲೆಗಳ ರೀತಿ ಬೇರೆಯೇ ಇದೆ ಎಂದು ಗಮನಿಸಿದರು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಅದನ್ನು ಬರೆದು ಹೊರಗಿನವರಿಗೆ ತಿಳಿಸಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿಗೆ ಹೋದರು. 2001ರ ಹೊತ್ತಿಗೆ ಒಂದರ ಹಿಂದೆ ಒಂದು ತಂಡ ಬರತೊಡಗಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪರೀಕ್ಷೆಯಲ್ಲಿ ಜನರ ರಕ್ತದಲ್ಲಿ, ನೀರಿನಲ್ಲಿ ಎಂಡೋಸಲ್ಫಾನ್ ಇದೆ ಎಂದು ಬಂತು. ಕಾರ್ಪೊರೇಶನ್ ಕಡೆಯಿಂದ ಮಾಡಿಸಿದ ಪರೀಕ್ಷೆಯಲ್ಲಿ ರಕ್ತದಲ್ಲಿ ಇಲ್ಲ ಎಂದು ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಳಿದ ಮೇಲೆ ಐಸಿಎಂಆರ್‌ನ ಅಡಿಯಲ್ಲಿರುವ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು.

ನಾನಾಗ ಐದನೇ ಕ್ಲಾಸು. ಉಮ್ಮನ ಅಕ್ಕನ ಮನೆ ಗೇರು ಗುಡ್ಡದ ಬುಡದಲ್ಲಿತ್ತು. ಅವರ ಮಗನಿಗೆ ಹುಟ್ಟಿದಂದಿನಿಂದ ಕಾಲಿನಲ್ಲಿ ಬಲವಿರಲಿಲ್ಲ, ಫಿಟ್ಸ್ ಬರುತ್ತಿತ್ತು. ಜೀಪಿನಲ್ಲಿ ಬಂದವರು ಅವನ ರಕ್ತ ತೆಗೆದರು, ಮೂತಮ್ಮನ ರಕ್ತ ತೆಗೆದರು, ಬಾವಿಯ ನೀರು ತೆಗೆದರು, ಹೆಸರು ಬರೆದುಕೊಂಡರು. ಒಬ್ಬರು ಮುಗಿಸಿ ಹೋದರೆ ಕೆಲವು ತಿಂಗಳಲ್ಲಿ ಇನ್ನೊಬ್ಬರು. ಯಾರು ಎಲ್ಲಿಂದ ಬಂದವರು ಎಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನೆನಪಿರುವುದು ಒಂದೇ, ಯಾವ ಕಾಗದವೂ ಮನೆಗೆ ವಾಪಸು ಬರಲಿಲ್ಲ. ಅವನ ರಕ್ತದಲ್ಲಿ ಏನಿತ್ತು, ಆ ಬಾವಿಯ ನೀರು ಕುಡಿಯಬಹುದೇ, ಇನ್ನೊಂದು ಮಗು ಬೇಕೇ ಬೇಡವೇ, ಇಂಥ ಯಾವ ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಬೇರೆ ಬಾವಿ ಇಲ್ಲದ ಕಾರಣ ಅವರು ಅದೇ ನೀರು ಕುಡಿದರು.

ಅಹಮದಾಬಾದಿನವರ ಅಧ್ಯಯನದ ಒಂದು ಭಾಗ ಲೇಖನವಾಗಿ 2003ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬಂತು. 10ರಿಂದ 19 ವರ್ಷದೊಳಗಿನ ನಮ್ಮ ಕಡೆಯ 117 ಶಾಲಾ ಹುಡುಗರನ್ನು, ಸಿಂಪಡಣೆ ಇಲ್ಲದ ಕಡೆಯ 90 ಹುಡುಗರ ಜೊತೆ ಹೋಲಿಸಿದ್ದರು. ಇಲ್ಲಿಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಗಂಡಸರ ಹಾರ್ಮೋನು ಕಡಿಮೆ ಇದೆ ಎಂದು ಕಂಡುಕೊಂಡಿದ್ದರು. ಸರ್ಕಾರದ ಹಣದಲ್ಲಿ ಸರ್ಕಾರದ ವಿಜ್ಞಾನಿಗಳು ಪ್ರಾಮಾಣಿಕವಾಗಿ ಮಾಡಿ ಹೊರಗೆ ತಂದ ಕೆಲಸ ಅದು. ನಾನು ಅದನ್ನು ಮೊದಲು ಓದಿದ್ದು ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಜುಬೈಲಿನ ರೂಮಿನಲ್ಲಿ, ಫೋನಿನಲ್ಲಿ, ಇಂಗ್ಲಿಷಿನಲ್ಲಿ. ಆ ಹುಡುಗರು ನನಗಿಂತ ಸ್ವಲ್ಪ ದೊಡ್ಡವರು. ನಮ್ಮ ಅಂಗಡಿಗೆ ಬರುವವರಲ್ಲೂ ಒಬ್ಬಿಬ್ಬರು ಇರಬಹುದು.

ಇಷ್ಟಾದರೂ ಕೇಂದ್ರ ಸರ್ಕಾರ ನೇಮಿಸಿದ ಇನ್ನೊಂದು ಸಮಿತಿ, ಓ. ಪಿ. ದುಬೆ ಸಮಿತಿ, 2003ರಲ್ಲಿ ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧವಿಲ್ಲ ಎಂದಿತು. ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕು ಎಂದದ್ದು 2017ರ ಜನವರಿ 10ರಂದು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡುವಾಗ, ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಪರಿಹಾರ ಸಿಕ್ಕಿದ್ದು 8 ಮಂದಿಗೆ.

ಪಡ್ರೆಯಲ್ಲಿ ನಡೆದದ್ದು ಔಷಧ ಪ್ರಯೋಗವಲ್ಲ, ಆರೋಗ್ಯ ಅಧ್ಯಯನ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಎರಡರಲ್ಲೂ ಮೂರು ಪಾಲುದಾರರಿದ್ದಾರೆ. ದೇಹ ಕೊಡುವವರು ಒಬ್ಬರು, ಪರೀಕ್ಷೆ ಮಾಡುವವರು ಒಬ್ಬರು, ಹಣ ಕೊಡುವ ಸರ್ಕಾರ ಒಂದು. ಆ ಸರ್ಕಾರದ ಹಣವೂ ನಾವು ಸಾಬೂನು ಕೊಳ್ಳುವಾಗ ಕೊಟ್ಟದ್ದೇ. ಹಾಗಾದರೆ ಮೊದಲಿನವರಿಗೆ ಉಳಿದ ಇಬ್ಬರು ಕೊಡಬೇಕಾದದ್ದು ಏನು? ಉಮ್ಮನ ಪ್ರಶ್ನೆ ಅದೇ.

ನಾನು ಡಾಕ್ಟರಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಜುಬೈಲಿನಲ್ಲಿ ಆರು ವರ್ಷ ಪೈಪ್‌ಲೈನ್ ಇನ್‌ಸ್ಪೆಕ್ಷನ್ ಕೆಲಸ ಮಾಡಿದವನು. ಆ ಕೆಲಸದಲ್ಲಿ ಕಲಿತ ಒಂದು ವಿಷಯ ಇಲ್ಲಿ ಹೇಳಬೇಕು. ಪೈಪಿಗೆ ನೀರು ತುಂಬಿಸಿ ಒತ್ತಡ ಕೊಟ್ಟು ಹೈಡ್ರೋ ಟೆಸ್ಟ್ ಮಾಡುತ್ತೇವೆ. ಟೆಸ್ಟ್ ಶುರು ಮಾಡುವ ಮೊದಲೇ ಎಷ್ಟು ಒತ್ತಡ, ಎಷ್ಟು ಹೊತ್ತು, ಯಾವುದು ಪಾಸ್, ಯಾವುದು ಫೇಲ್ ಎಂದು ಕಾಗದದಲ್ಲಿ ಬರೆದು ಸಹಿಯಾಗಿರಬೇಕು. ಟೆಸ್ಟ್ ಆದ ಮೇಲೆ ಪಾಸ್ ಆದದ್ದರ ರಿಪೋರ್ಟೂ ಫೈಲಿಗೆ ಹೋಗಬೇಕು, ಫೇಲ್ ಆದದ್ದರ ರಿಪೋರ್ಟೂ ಹೋಗಬೇಕು. ಒಬ್ಬ ಸೂಪರ್‌ವೈಸರ್ ಫೇಲ್ ಆದ ಕಾಗದಗಳನ್ನು ಹರಿದು ಪಾಸ್ ಆದದ್ದನ್ನು ಮಾತ್ರ ಇಟ್ಟರೆ, ಫೈಲ್ ನೋಡುವವರಿಗೆ ಇಡೀ ಲೈನು ಚೆನ್ನಾಗಿದೆ ಎಂದೇ ಕಾಣುತ್ತದೆ. ಒಂದು ದಿನ ಲೈನು ಒಡೆಯುತ್ತದೆ. ಆಗ ಅಲ್ಲಿ ನಿಂತವನು ಸೂಪರ್‌ವೈಸರ್ ಆಗಿರುವುದಿಲ್ಲ.

ಔಷಧಿಯಲ್ಲೂ ಹೀಗೆಯೇ. ಹತ್ತು ಕಡೆ ಪರೀಕ್ಷೆ ಮಾಡಿ, ಉಪಯೋಗ ಕಂಡ ಮೂರನ್ನು ಮಾತ್ರ ಪ್ರಕಟಿಸಿ, ಉಪಯೋಗವಿಲ್ಲ ಎಂದು ಬಂದ ಏಳನ್ನು ಕಪಾಟಿನಲ್ಲಿಟ್ಟರೆ, ಆ ಔಷಧಿ ಬಹಳ ಒಳ್ಳೆಯದೆಂದು ಎಲ್ಲರೂ ನಂಬುತ್ತಾರೆ. ಅದಕ್ಕೇ ಟ್ರಯಲ್ ಶುರುವಾಗುವ ಮೊದಲೇ ಎಲ್ಲರೂ ನೋಡಬಹುದಾದ ಪುಸ್ತಕದಲ್ಲಿ ಬರೆಸಬೇಕು ಎಂಬ ನಿಯಮ ಬಂತು. ನಮ್ಮ ದೇಶದಲ್ಲಿ ಆ ಪುಸ್ತಕ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ. ಐಸಿಎಂಆರ್ ಇದನ್ನು 2007ರ ಜುಲೈಯಲ್ಲಿ ಶುರು ಮಾಡಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. ಮೊದಲ ರೋಗಿಯನ್ನು ಸೇರಿಸುವ ಮೊದಲೇ ಯಾವ ಔಷಧಿ, ಎಷ್ಟು ಮಂದಿ, ಏನನ್ನು ಅಳೆಯುತ್ತಾರೆ, ಹಣ ಯಾರದು ಎಂದು ಬರೆಯಬೇಕು. ಇಂಟರ್‌ನೆಟ್ ಇರುವ ಯಾರೂ ನೋಡಬಹುದು.

ಶುರುವಾದದ್ದನ್ನು ಬರೆಸುವುದು ಅರ್ಧ ಕೆಲಸ. ಕೊನೆಯನ್ನು ಬರೆಯುವುದು ಇನ್ನರ್ಧ. ವೈದ್ಯ ಸಂಶೋಧಕರೆಲ್ಲ ಒಪ್ಪಿಕೊಂಡಿರುವ ಹೆಲ್ಸಿಂಕಿ ಘೋಷಣೆ 1964ರದ್ದು, ಆಮೇಲೆ ಹಲವು ಸಲ ತಿದ್ದಿದ್ದಾರೆ. ಫಲಿತಾಂಶ ಒಳ್ಳೆಯದಿರಲಿ, ಇಲ್ಲದಿರಲಿ, ಏನೂ ತೀರ್ಮಾನವಾಗದಿರಲಿ, ಪ್ರಕಟಿಸಲೇಬೇಕು ಎಂದು ಅದು ಹೇಳುತ್ತದೆ. ಭಾಗವಹಿಸಿದವರಿಗೆ ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಎಂದೂ ಹೇಳುತ್ತದೆ. 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಡುವ ಸಂಸ್ಥೆಗಳಿಂದ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿಸಿತು. ಸಹಿ ಹಾಕಿದವರಲ್ಲಿ ನಮ್ಮ ಐಸಿಎಂಆರ್ ಕೂಡ ಇದೆ. ಟ್ರಯಲ್ ಮುಗಿದು 12 ತಿಂಗಳಲ್ಲಿ ಫಲಿತಾಂಶದ ಸಾರಾಂಶ ನೋಂದಣಿಯಲ್ಲಿ, 24 ತಿಂಗಳಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಬರಬೇಕು ಎಂಬುದು ಅದರ ಮಾತು. ಹೊಸದಾಗಿ ಹಣ ಕೇಳಿ ಬಂದ ಸಂಶೋಧಕರು ಹಿಂದೆ ಮಾಡಿದ ಟ್ರಯಲ್‌ಗಳ ಫಲಿತಾಂಶ ಕೊಟ್ಟಿದ್ದಾರೋ ಇಲ್ಲವೋ ಎಂದು ನೋಡಬೇಕು ಎಂದೂ ಅದರಲ್ಲಿದೆ.

ಈ ಕೊನೆಯ ಮಾತು ಅಂಗಡಿಯವರ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಹಳೆಯ ಬಾಕಿ ತೀರಿಸದವನಿಗೆ ಉಪ್ಪ ಹೊಸದಾಗಿ ಕಡ ಬರೆಯುತ್ತಿರಲಿಲ್ಲ. ಸಂಶೋಧಕ ಲೆಕ್ಕ ಕೊಡದಿದ್ದರೆ ತಪ್ಪು ಅವನದ್ದು. ಲೆಕ್ಕ ಕೊಡದವನಿಗೆ ಸರ್ಕಾರ ಮತ್ತೆ ಹಣ ಕೊಟ್ಟರೆ ಆ ತಪ್ಪಿನಲ್ಲಿ ಸರ್ಕಾರಕ್ಕೂ ಪಾಲಿದೆ.

ಸರ್ಕಾರದ ಹಣದಲ್ಲಿ ನಡೆದ ಟ್ರಯಲ್ ಚೆನ್ನಾಗಿ ಮುಗಿದದ್ದಕ್ಕೂ ಉದಾಹರಣೆ ಇದೆ. ಕೊರೋನಾ ಕಾಲದಲ್ಲಿ ‘ಪ್ಲಾಸ್ಮಾ ಬೇಕು, ಬಿ ಪಾಸಿಟಿವ್, ತುರ್ತು’ ಎಂಬ ಮೆಸೇಜು ನಮ್ಮ ಎಲ್ಲ ಗ್ರೂಪುಗಳಲ್ಲಿ ಓಡಾಡುತ್ತಿದ್ದದ್ದು ನಿಮಗೆ ನೆನಪಿರಬಹುದು. ಪ್ಲಾಸ್ಮಾದಿಂದ ನಿಜವಾಗಿ ಉಪಯೋಗ ಉಂಟೋ ಎಂದು ನೋಡಲು ಐಸಿಎಂಆರ್ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಟ್ರಯಲ್ ಮಾಡಿತು. ಕಾಯಿಲೆ ಜೋರಾದವರು ಅಥವಾ ತೀರಿಹೋದವರು ಪ್ಲಾಸ್ಮಾ ಕೊಟ್ಟ ಗುಂಪಿನಲ್ಲಿ 100ಕ್ಕೆ 19, ಕೊಡದ ಗುಂಪಿನಲ್ಲಿ 100ಕ್ಕೆ 18. ಅಂದರೆ ಉಪಯೋಗ ಕಾಣಲಿಲ್ಲ. ಇಡೀ ದೇಶ ಪ್ಲಾಸ್ಮಾ ಎಂದು ಓಡುತ್ತಿದ್ದಾಗ ಈ ಮಾತನ್ನು ಅವರು ಮುಚ್ಚಿಡದೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಇದನ್ನು ಮೆಚ್ಚಬೇಕು.

ಆದರೆ ಅಲ್ಲಿಗೆ ಜವಾಬ್ದಾರಿ ಮುಗಿಯಲಿಲ್ಲ. ಚಿಕಿತ್ಸೆಯ ಸರ್ಕಾರಿ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ನಡುವಿನ ಏಳು ತಿಂಗಳಲ್ಲಿ ಎರಡನೇ ಅಲೆ ಬಂತು. ನಾನೂ ಒಬ್ಬರಿಗಾಗಿ ರಾತ್ರಿ ಎರಡು ಗಂಟೆಗೆ ಡೋನರ್ ಹುಡುಕಿ ಉಪ್ಪಿನಂಗಡಿವರೆಗೆ ಗಾಡಿ ಓಡಿಸಿದವನು. ನಾಲ್ಕು ನೂರು ರೋಗಿಗಳು ಮೈಕೊಟ್ಟು ತಿಳಿಸಿಕೊಟ್ಟ ಉತ್ತರ ಆಗಲೇ ಅಚ್ಚಾಗಿತ್ತು. ನಮ್ಮವರೆಗೆ ಬಂದಿರಲಿಲ್ಲ. ಪತ್ರಿಕೆಯಲ್ಲಿ ಹಾಕಿದರೆ ಸಾಲದು, ರೋಗಿಯ ಮಂಚದವರೆಗೆ ತಲುಪಿಸುವುದೂ ಹಣ ಕೊಟ್ಟವರ ಕೆಲಸ.

ಒಪ್ಪಿಗೆಯ ವಿಷಯದಲ್ಲಿ ಕೆಟ್ಟ ಉದಾಹರಣೆ ಖಮ್ಮಂನದ್ದು. ಈಗ ತೆಲಂಗಾಣದಲ್ಲಿರುವ ಆ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ 2009-10ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಪಾತ್ ಎಂಬ ಅಮೆರಿಕದ ಸಂಸ್ಥೆ ಅದನ್ನು ನಡೆಸಿತು, ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳು ಜೊತೆಗಿದ್ದವು. ಏಳು ಹೆಣ್ಣುಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಸುದ್ದಿಯ ಅರ್ಧ ಮಾತ್ರ ಹಿಡಿದು ಮಕ್ಕಳಿಗೆ ಲಸಿಕೆಯೇ ಬೇಡ ಎನ್ನುವವರು ನಮ್ಮಲ್ಲೂ ಇದ್ದಾರೆ. ತಪ್ಪಿದ್ದದ್ದು ಬೇರೆ ಕಡೆ. ಹಾಸ್ಟೆಲಿನಲ್ಲಿದ್ದ ಬಡ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿ ಬದಲು ವಾರ್ಡನ್, ಹೆಡ್‌ಮಾಸ್ಟರ್ ಸಹಿ ಹಾಕಿದ್ದರು. ತೊಂದರೆಯಾದರೆ ಗಮನಿಸುವ ವ್ಯವಸ್ಥೆ ಗಟ್ಟಿಯಿರಲಿಲ್ಲ. 2013ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಬರೆಯಿತು, ಐಸಿಎಂಆರ್‌ನ ಪಾತ್ರವನ್ನೂ ಪ್ರಶ್ನಿಸಿತು. ಒಳ್ಳೆಯ ಲಸಿಕೆಯೂ ಕೆಟ್ಟ ಒಪ್ಪಿಗೆಯಿಂದ ಜನರ ವಿಶ್ವಾಸ ಕಳೆದುಕೊಳ್ಳುತ್ತದೆ.

ಇನ್ನೊಂದು ವಿಷಯ ತಕ್ಕಡಿಯದ್ದು. ನಮ್ಮ ಅಂಗಡಿಯ ತಕ್ಕಡಿ, ಪಡಿಗಳಿಗೆ ಇಲಾಖೆಯವರು ಬಂದು ಮುದ್ರೆ ಒತ್ತಬೇಕು. ಉಪ್ಪ ಎಷ್ಟೇ ಪ್ರಾಮಾಣಿಕರಾದರೂ ಅವರ ತಕ್ಕಡಿಗೆ ಅವರೇ ಮುದ್ರೆ ಒತ್ತುವ ಹಾಗಿಲ್ಲ. ಸರ್ಕಾರಕ್ಕೂ ಈ ನಿಯಮ ಬೇಕು. ನಮ್ಮ ಗುಡ್ಡದಲ್ಲಿ ಸಿಂಪಡಿಸಿದ್ದು ಸರ್ಕಾರದ ಕಂಪೆನಿ, ಪರೀಕ್ಷೆ ಮಾಡಿಸಿದ್ದು ಸರ್ಕಾರ, ಪರಿಹಾರ ಕೊಡಬೇಕಾದದ್ದೂ ಸರ್ಕಾರ. ಕೊವ್ಯಾಕ್ಸಿನ್ ವಿಷಯದಲ್ಲೂ ಹೀಗಾಯಿತು. ಅದನ್ನು ಐಸಿಎಂಆರ್ ಮತ್ತು ಭಾರತ್ ಬಯೋಟೆಕ್ ಸೇರಿ ಮಾಡಿದವು, ಮಾರಾಟದಲ್ಲಿ ಐಸಿಎಂಆರ್‌ಗೆ ರಾಯಲ್ಟಿಯೂ ಇತ್ತು. 2021ರ ಜನವರಿ 3ರಂದು ಸರ್ಕಾರ ಅನುಮತಿ ಕೊಡುವಾಗ ಮೂರನೇ ಹಂತದ ಟ್ರಯಲ್‌ನಲ್ಲಿ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಎಂಬ ಲೆಕ್ಕ ಬಂದಿರಲಿಲ್ಲ. ಆ ಲೆಕ್ಕ ನವೆಂಬರ್‌ನಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಬಂತು, ಪರಿಣಾಮ 77.8 ಶೇಕಡಾ. ಲಸಿಕೆ ಕೆಲಸ ಮಾಡಿತು, ಸಂತೋಷ. ಆದರೆ ಟೆಸ್ಟ್ ರಿಪೋರ್ಟ್ ಬರುವ ಮೊದಲು ಲೈನು ಚಾಲೂ ಮಾಡಿದರೆ, ಪೈಪು ಒಡೆಯದಿದ್ದರೂ ಆ ಇನ್‌ಸ್ಪೆಕ್ಟರನ್ನು ಮುಂದಿನ ಸಲ ಜನ ನಂಬುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಟ್ರಯಲ್ ಎಂದರೆ ದೂರ ಓಡಿ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಮಲೆನಾಡಿನಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಐಸಿಎಂಆರ್ ಕೆಲಸ ಮಾಡುತ್ತಿದೆ. ಅದು ಕೆಲಸ ಮಾಡುತ್ತದೋ ಎಂದು ತಿಳಿಯಲು ಯಾರಾದರೂ ತೋಳು ಕೊಡಲೇಬೇಕು. ಕಂಪೆನಿಗಳಿಗೆ ಲಾಭವಿಲ್ಲದ ಇಂಥ ಕಾಯಿಲೆಗೆ ಸರ್ಕಾರ ಹಣ ಹಾಕದಿದ್ದರೆ ಬೇರೆ ಯಾರೂ ಹಾಕುವುದಿಲ್ಲ. ತೋಳು ಕೊಡುವವರು ಅದನ್ನು ಅಮಾನತ್ತಾಗಿ ಕೊಡುತ್ತಾರೆ. ಅಮಾನತ್ತು ಇಟ್ಟುಕೊಂಡವನ ಜವಾಬ್ದಾರಿ ಏನೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು.

ಅಂದು ಬೆಂಚಿನಿಂದ ಎದ್ದು ನಾನು ಡಾಕ್ಟರ ಹತ್ತಿರ ಹೋಗಿ ಉಮ್ಮನ ಪ್ರಶ್ನೆಯನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜರ್ನಲ್‌ನಲ್ಲಿ ಪಬ್ಲಿಶ್ ಮಾಡುತ್ತೇವೆ” ಎಂದರು. “ಅದು ಉಮ್ಮನಿಗೆ ಹೇಗೆ ಗೊತ್ತಾಗುವುದು ಡಾಕ್ಟ್ರೇ?” ಎಂದೆ. “ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿಲ್ಲ,” ಎಂದು ಅವರು ನನ್ನ ನಂಬರ್ ಬರೆದುಕೊಂಡರು. ಸಿಟಿಆರ್‌ಐ ನಂಬರನ್ನು ಒಪ್ಪಿಗೆ ಪತ್ರದ ಮೇಲೆ ಅವರೇ ಬರೆದುಕೊಟ್ಟರು. ಉಮ್ಮ ಸಹಿ ಹಾಕಿದರು. ಕನ್ನಡದಲ್ಲಿ, ನಿಧಾನವಾಗಿ.

ಆರು ತಿಂಗಳು ಹೋಗಿ ಬಂದೆವು. ನಡುವೆ ಒಮ್ಮೆ ಗಾಯಕ್ಕೆ ಕೀವು ತುಂಬಿ ಜ್ವರ ಬಂತು. ಅದೇ ಡಾಕ್ಟರು ಫೋನಿನಲ್ಲೇ ಬರಹೇಳಿ ನಾಲ್ಕು ದಿನ ಅಡ್ಮಿಟ್ ಮಾಡಿಸಿದರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಟ್ರಯಲ್‌ನಲ್ಲಿ ತೊಂದರೆಯಾದರೆ ಚಿಕಿತ್ಸೆ ಉಚಿತ ಎಂದು 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ. ನಿಯಮ ಇರುವುದು ಬೇರೆ, ರಾತ್ರಿ ಫೋನ್ ಎತ್ತುವುದು ಬೇರೆ. ಅವರು ಎತ್ತಿದರು. ಡಿಸೆಂಬರ್ ಕೊನೆಗೆ ಗಾಯ ಒಣಗಿತು. ಲೇಪದಿಂದಲೋ, ಡ್ರೆಸ್ಸಿಂಗಿನಿಂದಲೋ, ಶುಗರ್ ಹತೋಟಿಗೆ ಬಂದದ್ದರಿಂದಲೋ, ಒಬ್ಬರ ಗಾಯ ನೋಡಿ ಹೇಳಲಾಗುವುದಿಲ್ಲ. ಎಲ್ಲರದ್ದನ್ನೂ ಸೇರಿಸಿ ನೋಡಿದರೆ ಮಾತ್ರ ಹೇಳಬಹುದು. ಟ್ರಯಲ್ ಮಾಡುವುದೇ ಅದಕ್ಕೆ.

ಆ ಡಾಕ್ಟರು ಈಗ ಬೇರೆ ಊರಿಗೆ ಹೋಗಿದ್ದಾರೆ. ಸಿಟಿಆರ್‌ಐಯಲ್ಲಿ ಆ ನಂಬರ್ ಹಾಕಿ ನೋಡಿದರೆ ಟ್ರಯಲ್ ಮುಗಿದಿದೆ ಎಂದು ತೋರಿಸುತ್ತದೆ. ಮುಗಿದು ಹದಿನಾಲ್ಕು ತಿಂಗಳಾಯಿತು. ಪ್ರಕಟಣೆಯ ವಿವರದ ಜಾಗ ಖಾಲಿ. ನಾನು ಆಸ್ಪತ್ರೆಗೆ ಎರಡು ಇ-ಮೇಲ್ ಬರೆದೆ. ಎರಡನೆಯದಕ್ಕೆ ಒಂದು ಸಾಲಿನ ಉತ್ತರ ಬಂತು, ವಿಶ್ಲೇಷಣೆ ನಡೆಯುತ್ತಿದೆ ಎಂದು. ನಡೆಯುತ್ತಿರಬಹುದು. ಆದರೆ ಬಂದವರಿಗೆಲ್ಲ ತಿಳಿಸಲು ಒಂದು ಪುಟದ ಕಾಗದ, ಅಂಚೆ ಚೀಟಿ, ಫೋನ್ ಮಾಡುವ ಒಬ್ಬರು, ಇದಕ್ಕೆ ಮೊದಲೇ ಹಣ ತೆಗೆದಿಟ್ಟಿದ್ದರೆ ನಾನು ಕೇಳಬೇಕಾಗಿರಲಿಲ್ಲ. ಅದನ್ನು ತೆಗೆದಿಡಲು ಹೇಳಬೇಕಾದವರು ಹಣ ಕೊಟ್ಟವರು. ಕೊನೆಯ ಕಂತಿನ ಹಣವನ್ನು ಫಲಿತಾಂಶ ನೋಂದಣಿಗೆ ಬರುವವರೆಗೆ ತಡೆಹಿಡಿದರೆ ಈ ಖಾಲಿ ಜಾಗಗಳು ಬೇಗ ತುಂಬುತ್ತವೆ. ಪೈಪ್‌ಲೈನ್ ಕೆಲಸದಲ್ಲಿ ನಾವು ಹಾಗೆಯೇ ಮಾಡುತ್ತಿದ್ದೆವು. ಟೆಸ್ಟ್ ಫೈಲ್ ಕೊಡದ ಕಂಟ್ರಾಕ್ಟರನ ಕೊನೆಯ ಬಿಲ್ ಪಾಸಾಗುತ್ತಿರಲಿಲ್ಲ.

ನಿಮ್ಮ ಮನೆಯವರಿಗೂ ಒಂದು ದಿನ ಇಂಥ ಒಪ್ಪಿಗೆ ಪತ್ರ ಬರಬಹುದು. ಮಂಗಳೂರು, ದೇರಳಕಟ್ಟೆ ಕಡೆಯ ಆಸ್ಪತ್ರೆಗಳಿಗೆ ನಾವೆಲ್ಲ ಹೋಗುವವರೇ. ಆಗ ಹೆದರಬೇಡಿ, ಡಾಕ್ಟರಿಗೆ ಬೇಸರವಾದೀತೆಂದು ಓದದೆ ಸಹಿ ಹಾಕಲೂ ಬೇಡಿ. ಇಷ್ಟನ್ನು ಕೇಳಿ.

ಹಣ ಯಾರದು, ಸಿಟಿಆರ್‌ಐ ನಂಬರ್ ಎಷ್ಟು ಎಂದು ಕೇಳಿ. ಎಥಿಕ್ಸ್ ಕಮಿಟಿ ಒಪ್ಪಿದೆಯೇ ಎಂದು ಕೇಳಿ, ಅದರಲ್ಲಿ ಕನಿಷ್ಠ 7 ಮಂದಿ ಇರಬೇಕು, ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ತೊಂದರೆಯಾದರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಖರ್ಚು ಯಾರದು ಎಂದು ಕೇಳಿ. ನಡುವೆ ಬಿಟ್ಟುಬರಬಹುದೇ ಎಂದು ಕೇಳಿ, ಉತ್ತರ ‘ಯಾವಾಗ ಬೇಕಾದರೂ’ ಎಂದೇ ಇರಬೇಕು. ಓದಲು ಬಾರದವರಿದ್ದರೆ ಆ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರಿನಲ್ಲಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಅದು ಬ್ಯಾರಿಯಾದರೆ ಬ್ಯಾರಿಯಲ್ಲಿ. ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮಗೆ ಸಿಗಬೇಕು. ಕೊನೆಗೆ ಉಮ್ಮನ ಪ್ರಶ್ನೆ ಕೇಳಿ. ಮುಗಿದ ಮೇಲೆ ಏನು ಗೊತ್ತಾಯಿತು ಅಂತ ನಮಗೆ ಹೇಳುತ್ತೀರಾ, ಯಾವಾಗ, ಹೇಗೆ? ಹೆಚ್ಚು ಮಂದಿ ಕೇಳಿದರೆ ‘ಇದುವರೆಗೆ ಯಾರೂ ಕೇಳಿಲ್ಲ’ ಎಂಬ ಮಾತು ಇಲ್ಲವಾಗುತ್ತದೆ.

ಮೂತಮ್ಮನ ಮಗನಿಗೆ ಈಗ ಮೂವತ್ತು ದಾಟಿದೆ. ಅವನನ್ನು ಎತ್ತಿ ಕೂರಿಸಲು ಮೂತಮ್ಮನಿಗೆ ಈಗ ಆಗುವುದಿಲ್ಲ, ಸೊಸೆ ಮಾಡುತ್ತಾಳೆ. ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ. ಕಳೆದ ತಿಂಗಳು ಉಮ್ಮ ಅವನನ್ನು ನೋಡಲು ಹೋದಾಗ ಮೂತಮ್ಮ ಉಮ್ಮನ ಕಾಲು ನೋಡಿ, “ನಿನ್ನ ಮದ್ದಿನವರು ಏನಾದರೂ ಹೇಳಿದರಾ?” ಎಂದು ಕೇಳಿದರಂತೆ. ಉಮ್ಮ “ಇನ್ನೂ ಇಲ್ಲ, ಮಗ ಬರೆಯುತ್ತಿದ್ದಾನೆ” ಎಂದರಂತೆ.

ಬರೆಯುತ್ತಿದ್ದೇನೆ. ಮೂರನೆಯ ಇ-ಮೇಲನ್ನು ಈ ಸಲ ಆಸ್ಪತ್ರೆಗೆ ಮಾತ್ರವಲ್ಲ, ಹಣ ಕೊಟ್ಟ ಇಲಾಖೆಗೂ ಕಳಿಸುತ್ತೇನೆ. ಉತ್ತರ ಬಂದರೆ, ಲೇಪ ಕೆಲಸ ಮಾಡಿರಲಿ, ಮಾಡದಿರಲಿ, ಇಲ್ಲೇ ನಿಮಗೂ ತಿಳಿಸುತ್ತೇನೆ.